ಸಾಕಮ್ಮ ಕೇಳಿಸಿಕೊಂಡ ಸಾಕು

ನನ್ನ ನಾದಿನಿಗೆ, ಅಂದರೆ ನನ್ನ ಹೆಂಡತಿಯ ತಂಗಿಗೆ, ಹೆತ್ತವರು ಇಟ್ಟ ಹೆಸರು ಬೇರೆಯೇ ಇದೆ. ಈಗ ಆ ಹೆಸರಿನಿಂದ ಕರೆಯುವವರು ಯಾರೂ ಇಲ್ಲ. ಅವಳು ಕೆಲಸ ಮಾಡುವ ಆಸ್ಪತ್ರೆಯ ಲ್ಯಾಬಿನಲ್ಲಿ ಎಲ್ಲರೂ ಅವಳನ್ನು ಸಾಕಮ್ಮ ಎನ್ನುತ್ತಾರೆ. ಆ ಹೆಸರು ಅವಳ ಜೊತೆ ಬಸ್ಸು ಹತ್ತಿ ಬಂದು ನಮ್ಮ ಮನೆಯಲ್ಲೂ ಠಿಕಾಣಿ ಹೂಡಿದೆ. ಹೆಣ್ಣು ಹೆಚ್ಚಾಯಿತೆಂದು ಬೇಸತ್ತ ಅಪ್ಪ ಇಟ್ಟ ಹೆಸರಿರಬೇಕು ಎಂದುಕೊಂಡು ಹೊಸಬರು ಅಯ್ಯೋ ಪಾಪ ಅನ್ನುತ್ತಾರೆ. ಇವಳದು ಆ ಸಾಕಲ್ಲ. ಇವಳು ಸಾಕುವವಳು. ಸಾಕುವುದು ಹಸುವನ್ನಲ್ಲ, ಕೋಳಿಯನ್ನಲ್ಲ, ಮನುಷ್ಯರ ಚರ್ಮದ ಜೀವಕೋಶಗಳನ್ನು.

ನಾನು ಟೈಲರ್. ಶಾಲೆಯ ಮೆಟ್ಟಿಲು ಹೆಚ್ಚು ಹತ್ತಿದವನಲ್ಲ. ಆದರೆ ತಲೆಗೆ ಹೋಗದ ಮಾತನ್ನು ಹೋಗುವ ತನಕ ಬಿಡುವವನೂ ಅಲ್ಲ. ಆ ಲ್ಯಾಬಿನವರ ನಿಲುವಂಗಿ, ತಲೆ ಮುಚ್ಚುವ ಟೋಪಿ ಎಲ್ಲ ಹೊಲಿಯುವುದು ನಾನೇ. ಅಳತೆ ತೆಗೆಯಲು ಹೋದಾಗ ಅವಳ ಕೋಣೆಯನ್ನು ನೋಡಿದೆ. ಚಪ್ಪಲಿ ಹೊರಗೆ ಬಿಟ್ಟು, ಮೊಣಕೈ ತನಕ ಕೈ ತೊಳೆದು, ಬಾಯಿ ಕಟ್ಟಿಕೊಂಡು ಒಳಗೆ ಹೋಗಬೇಕು. ಒಂದು ದೊಡ್ಡ ಗಾಜಿನ ಪೆಟ್ಟಿಗೆಯೊಳಗೆ ಸೋಸಿದ ಗಾಳಿ ಬೀಸುತ್ತಿರುತ್ತದೆ. ಅದರ ಮುಂದೆ ಕುರ್ಚಿ ಹಾಕಿಕೊಂಡು ಕೈ ಎರಡನ್ನು ಮಾತ್ರ ಒಳಗೆ ತೂರಿಸಿ ಕೆಲಸ ಮಾಡಬೇಕು. ಪಕ್ಕದಲ್ಲಿ ಕಾವು ಪೆಟ್ಟಿಗೆ. ತಾಯಿಯ ಮೈ ಎಷ್ಟು ಬೆಚ್ಚಗಿರುತ್ತದೋ ಅದೂ ಅಷ್ಟೇ ಬೆಚ್ಚಗೆ. ಅದರೊಳಗೆ ಚಪ್ಪಟೆ ಬಾಟಲಿಗಳು ಹೊಟ್ಟೆ ಕೆಳಗೆ ಮಾಡಿ ಮಲಗಿರುತ್ತವೆ. ಬಾಟಲಿಯ ತಳದಲ್ಲಿ ಗುಲಾಬಿ ಬಣ್ಣದ ನೀರು. ಅದೇ ಮೇವು. ಜೀವಕೋಶಗಳು ತಿಂದಂತೆಲ್ಲ ನೀರು ಹಳದಿಗೆ ತಿರುಗುತ್ತದೆ. ಹಳದಿಯಾದರೆ ತೆಗೆದು ಹೊಸದು ಹಾಕಬೇಕು. ಬಾಟಲಿ ತುಂಬಿದರೆ ಸಸಿ ಕಿತ್ತು ನಾಟಿ ಮಾಡಿದಂತೆ ಬೇರೆ ಬಾಟಲಿಗಳಿಗೆ ಹಂಚಬೇಕು. ಸೂಕ್ಷ್ಮದರ್ಶಕದಲ್ಲಿ ಒಂದು ಕಣ್ಣು ಮುಚ್ಚಿ ನೋಡಿದೆ. ಮೀನಿನ ಮರಿಗಳು ಒಂದೇ ದಿಕ್ಕಿಗೆ ಮುಖ ಮಾಡಿ ಮಲಗಿದಂತಿದ್ದವು.

"ಎರಡು ಕಣ್ಣಲ್ಲೂ ನೋಡ್ಬೇಕು ಭಾವ, ಇದೇನು ಸೂಜಿಗೆ ದಾರ ಪೋಣಿಸೋದಾ?" ಎಂದು ಹತ್ತು ಜನರ ಮುಂದೆ ನನ್ನ ಮರ್ಯಾದೆ ತೆಗೆದಳು.

ಸಾಕುವುದು ಅವಳಿಗೆ ಹುಟ್ಟಿನಿಂದ ಬಂದದ್ದು. ಅಕ್ಕತಂಗಿಯರು ಬೆಳೆದ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತಿದ್ದರು. ಹುಳ ಜ್ವರಕ್ಕೆ ಕೂತಿದೆ ಎಂದರೆ ಪೊರೆ ಬಿಡಲು ಮಲಗಿದೆ ಎಂದು ಅರ್ಥ. ಆಗ ಸೊಪ್ಪು ಹಾಕಬಾರದು, ತಟ್ಟೆ ಅಲುಗಿಸಬಾರದು. ದೊಡ್ಡವಳಾದ ನನ್ನ ಹೆಂಡತಿ ಹುಳ ಕಂಡರೆ ಸೆರಗು ಎತ್ತಿಕೊಂಡು ಓಡುತ್ತಿದ್ದಳು. ಚಿಕ್ಕವಳು ಅವುಗಳ ಜೊತೆ ಹರಟೆ ಹೊಡೆಯುತ್ತಿದ್ದಳು. ಅವಳು ಮದುವೆಯಾಗಿದ್ದು ಬಡಗಿಯನ್ನು. ಬಾಯಲ್ಲಿ ಸದಾ ಮೊಳೆ ಕಚ್ಚಿಕೊಂಡಿರುವ ಮನುಷ್ಯ. ಆ ಮನೆಯಲ್ಲಿ ಇಬ್ಬರ ಮಾತನ್ನೂ ಇವಳೇ ಆಡುತ್ತಾಳೆ. ಲ್ಯಾಬಿಗೆ ಸೇರಿದ್ದು ಗಾಜಿನ ಸಾಮಾನು ತೊಳೆಯಲು. ಅಲ್ಲಿ ಜೀವಕೋಶ ಸಾಕುತ್ತಿದ್ದ ವಯಸ್ಸಾದ ಹೆಂಗಸು ಇವಳು ಬಾಟಲಿ ಎತ್ತಿ ಇಡುವ ರೀತಿಯನ್ನು ನೋಡಿ, ತಮ್ಮ ಕಣ್ಣು ಮಂಜಾಗುವ ಮೊದಲೇ ಕೆಲಸ ಕಲಿಸಿ, ಕುರ್ಚಿ ಬಿಟ್ಟುಕೊಟ್ಟರು. ಅಂದಿನಿಂದ ಇವಳು ಬಾಟಲಿಗಳ ಜೊತೆ ಹರಟೆ ಹೊಡೆಯುತ್ತಿದ್ದಾಳೆ.

ಈ ಸಾಕಾಣಿಕೆ ಯಾಕೆ ಎಂದು ಕೇಳುವವರಿಗೆ ನಾನು ಕತ್ತರಿ ತೋರಿಸಿ ಹೇಳುತ್ತೇನೆ. ತಿಂದ ಅನ್ನ, ಕುಡಿದ ಹಾಲು ಮೈಯೊಳಗೆ ತುಂಡು ತುಂಡಾಗಬೇಕು. ತುಂಡು ಮಾಡಲು ಒಳಗೆ ಲೆಕ್ಕವಿಲ್ಲದಷ್ಟು ಕತ್ತರಿಗಳಿವೆ. ಓದಿದವರು ಅವನ್ನು ಎಂಜೈಮ್ ಎನ್ನುತ್ತಾರೆ. ಕೆಲವು ಮಕ್ಕಳು ಹುಟ್ಟುವಾಗಲೇ ಒಂದು ಕತ್ತರಿಯನ್ನು ಕೆಡಿಸಿಕೊಂಡು ಬರುತ್ತವೆ. ಅಪ್ಪನಿಂದ ಅರ್ಧ, ಅಮ್ಮನಿಂದ ಅರ್ಧ ಬಂದ ಕೊರತೆ ಅದು. ಆ ಕತ್ತರಿ ಕತ್ತರಿಸಬೇಕಾದದ್ದು ಹಾಗೇ ಗುಡ್ಡೆ ಬಿದ್ದು, ಹುಳಿಯಾಗಿ ರಕ್ತಕ್ಕೆ ಸೇರಿ, ಮಗು ಕುಡಿದ ಹಾಲನ್ನು ಕಕ್ಕಿ ಒದ್ದೆ ಬಟ್ಟೆಯ ಹಾಗೆ ಜೋತು ಬೀಳುತ್ತದೆ. ಕತ್ತರಿಯ ಎರಡು ಅಲಗುಗಳನ್ನು ಹಿಡಿದಿಡುವ ನಡುವಿನ ತಿರುಪು ಇದೆಯಲ್ಲ, ಆ ತಿರುಪೇ ವಿಟಮಿನ್. ಕೆಲವು ಮಕ್ಕಳಲ್ಲಿ ತೂತು ಸವೆದು ತಿರುಪು ನಿಲ್ಲುವುದಿಲ್ಲ. ಅಂಥವರಿಗೆ ತಿರುಪನ್ನು ಬೊಗಸೆಗಟ್ಟಲೆ ಸುರಿದರೆ, ಒಂದು ಬಿದ್ದರೆ ಇನ್ನೊಂದು ಕೂತು ಕತ್ತರಿ ಹೇಗೋ ಓಡುತ್ತದೆ. ಇನ್ನು ಕೆಲವರಿಗೆ ಅಲಗೇ ಇಲ್ಲ. ಅವರಿಗೆ ತಿರುಪಿನ ಮೂಟೆಯನ್ನೇ ತಂದು ಸುರಿದರೂ ಅಷ್ಟೇ. ಹೊರಗಿನಿಂದ ನೋಡಿದರೆ ಎರಡು ಬಗೆಯ ಮಕ್ಕಳೂ ಒಂದೇ ಥರ. ಯಾರು ಯಾವ ಬಗೆ ಎಂದು ತಿಳಿಯಲು ಮಗುವಿನ ತೋಳಿನಿಂದ ನುಚ್ಚಕ್ಕಿಯಷ್ಟು ಚರ್ಮ ತೆಗೆದು ಸಾಕಮ್ಮನ ಕೈಗೆ ಕೊಡುತ್ತಾರೆ. ಅವಳು ಅದನ್ನು ಬೆಳೆಸಿ ಎರಡು ಸಾಲು ಮಾಡುತ್ತಾಳೆ. ಒಂದು ಸಾಲಿಗೆ ಬರೀ ಮೇವು, ಇನ್ನೊಂದಕ್ಕೆ ವಿಟಮಿನ್ ಬೆರೆಸಿದ ಮೇವು. ಆಮೇಲೆ ಎರಡಕ್ಕೂ ಗುರುತು ಹಾಕಿದ ತುತ್ತು ಕೊಟ್ಟು, ಯಾವ ಸಾಲು ಎಷ್ಟು ಮೈಗೂಡಿಸಿಕೊಂಡಿತು ಎಂದು ಡಾಕ್ಟರು ಅಳೆಯುತ್ತಾರೆ. ವಿಟಮಿನ್ ಸಾಲು ಹೆಚ್ಚು ಮೈಗೂಡಿಸಿಕೊಂಡಿದ್ದರೆ ತಿರುಪು ಕೂತಿದೆ ಎಂದು ಅರ್ಥ.

ಕತ್ತರಿಯ ಮಾತನ್ನು ಮೊದಲ ಸಲ ಹೇಳಿದಾಗ ಅವಳು ನಕ್ಕು ತಳ್ಳಿಹಾಕಿದ್ದಳು. ಈಗ ಬಂದ ತಾಯಂದಿರಿಗೆಲ್ಲ ಅದನ್ನೇ ಹೇಳುತ್ತಾಳೆ. ಅದು ಭಾವನ ಮಾತು ಎಂದು ಸೇರಿಸುವುದನ್ನು ಮಾತ್ರ ಮರೆಯುತ್ತಾಳೆ.

ಇನ್ನು ಆ ಡಾಕ್ಟರಮ್ಮ. ಎತ್ತರದ ಹೆಂಗಸು, ಗಾಳಿಯ ಹಾಗೆ ನಡೆಯುವವರು. ಅವರ ಬಾಯಲ್ಲಿ ಏಕವಚನ ಎಂಬುದೇ ಇಲ್ಲ. ಕಸ ಗುಡಿಸುವವರಿಗೂ ನೀವು, ಲಿಫ್ಟಿನ ಹುಡುಗನಿಗೂ ನೀವು. ಆಸ್ಪತ್ರೆಯ ಅಂಗಳದ ಬೆಕ್ಕಿಗೂ "ಆಚೆ ಹೋಗಿ" ಎಂದದ್ದನ್ನು ಕೇಳಿದವರಿದ್ದಾರೆ. ನನ್ನ ನಾದಿನಿಗೆ ಇದೊಂದು ಕೊರಗು. "ಇಷ್ಟು ವರ್ಷ ಒಂದೇ ಕೋಣೆಯಲ್ಲಿ ಇದ್ದೀವಿ, ಇನ್ನೂ ಸಾಕಮ್ಮನವರೇ ಬನ್ನಿ, ಸಾಕಮ್ಮನವರೇ ಕೂತ್ಕೊಳ್ಳಿ. ನಾನೇನು ನೆಂಟರವಳಾ?" ಎಂದು ಅಕ್ಕನ ಹತ್ತಿರ ದೂರು ಹೇಳುತ್ತಿದ್ದಳು. ಪ್ರೀತಿ ಇದ್ದ ಕಡೆ ನೀನು ಇರಬೇಕು ಎಂಬುದು ಅವಳ ಕಾನೂನು.

ಅವಳು ದಿನವೂ ಹೋಗುವ ಬಸ್ಸಿನ ಕಂಡಕ್ಟರ್ ಒಬ್ಬ ಕುಳ್ಳಗಿನ, ನಗುಮುಖದ ಮನುಷ್ಯ. ಅವನಿಗೊಂದು ಹೆಣ್ಣು ಕೂಸು, ಇನ್ನೂ ವರ್ಷ ತುಂಬಿರಲಿಲ್ಲ. ಹಾಲು ಕುಡಿದರೆ ಕಕ್ಕುವುದು, ಮಂಪರಾಗುವುದು, ಆಸ್ಪತ್ರೆಗೆ ಓಡುವುದು. ಕಡೆಗೆ ಡಾಕ್ಟರಮ್ಮ ರೋಗ ಪತ್ತೆ ಹಚ್ಚಿದರು. ಆ ಕೂಸಿನ ಕತ್ತರಿಗೆ ಬೇಕಾದ ತಿರುಪು ಬಿ ಹನ್ನೆರಡು ಎಂಬ ವಿಟಮಿನ್. ಕೆಂಪು ಬಣ್ಣದ ಆ ಇಂಜೆಕ್ಷನ್ನನ್ನು ದಿನಕ್ಕೊಂದರಂತೆ ಶುರು ಮಾಡಿದರು. ಆದರೆ ಶುರು ಮಾಡುವಾಗ ಮಗುವಿಗೆ ಜ್ವರ ಇತ್ತು. ರಕ್ತ ಒಮ್ಮೆ ಚೆನ್ನಾಗಿದೆ ಅನ್ನುತ್ತಿತ್ತು, ಒಮ್ಮೆ ಇಲ್ಲ ಅನ್ನುತ್ತಿತ್ತು. ಸುಧಾರಿಸಿದ್ದು ಇಂಜೆಕ್ಷನ್ನಿನಿಂದಲೋ ಜ್ವರ ಬಿಟ್ಟಿದ್ದರಿಂದಲೋ ಗೊತ್ತಾಗುವಂತಿರಲಿಲ್ಲ. ಹಾಗಾಗಿ ತೋಳಿನ ಚರ್ಮ ಸಾಕಮ್ಮನ ಬಾಟಲಿಗೆ ಬಂತು.

ಅಂದಿನಿಂದ ಕಂಡಕ್ಟರ್ ದಿನವೂ ಟಿಕೆಟ್ ಹರಿದು ಕೊಡುತ್ತ ಬಗ್ಗಿ ಕೇಳುತ್ತಿದ್ದ.

"ಅಲ್ಲಿರೋ ಮಗಳು ಹೇಗಿದ್ದಾಳಕ್ಕಾ?"

"ಚೆನ್ನಾಗಿ ತಿಂತಿದ್ದಾಳೆ."

ಮನೆಯಲ್ಲಿರುವ ಮಗಳಿಗೆ ಹಾಲನ್ನು ಚಮಚದಲ್ಲಿ ಅಳೆದು ಕೊಡಬೇಕಾಗಿತ್ತು. ಬಾಟಲಿಯಲ್ಲಿರುವವಳಾದರೂ ತಿನ್ನುತ್ತಿದ್ದಾಳಲ್ಲ ಎಂದು ಅವನ ಮುಖ ಅರಳುತ್ತಿತ್ತು.

ಆ ದಿನಗಳಲ್ಲೇ ಅವನ ಹೆಂಡತಿ ಕೂಸನ್ನು ಎತ್ತಿಕೊಂಡು ನನ್ನ ಅಂಗಡಿಗೆ ಬಂದಳು, ಒಂದು ಫ್ರಾಕು ಹೊಲಿಸಲು. ಬೆಳೆಯುವ ಮಕ್ಕಳ ಬಟ್ಟೆಗೆ ನಾವು ಒಳಗೆ ಒಂದಿಷ್ಟು ಬಟ್ಟೆ ಮಡಿಸಿ ಬಿಡುತ್ತೇವೆ, ಮುಂದೆ ಬಿಚ್ಚಿ ಉದ್ದ ಮಾಡಲು. ಎಷ್ಟು ಬಿಡಲಿ ತಾಯಿ ಎಂದು ಕೇಳಿದೆ.

"ಬೇಡಣ್ಣ. ಈಗಿನ ಅಳತೆಗೇ ಹೊಲೀರಿ," ಎಂದಳು. ನಾನು ಅಷ್ಟಕ್ಕೇ ಸೀಮೆಸುಣ್ಣದ ಗೆರೆ ಎಳೆದೆ.

ಚರ್ಮ ಬೆಳೆಯಲು ಸತಾಯಿಸಿತು. ನಡುವೆ ಒಂದು ಬಾಟಲಿಗೆ ಬೂಷ್ಟು ಹಿಡಿಯಿತು. ಎರಡು ಸಾಲು ತುಂಬುವಷ್ಟಾಗುವ ಹೊತ್ತಿಗೆ ಡಾಕ್ಟರಮ್ಮ ಯಾವುದೋ ದೊಡ್ಡ ಸಭೆಗೆ ಹೊರಡುವ ದಿನ ಬಂದುಬಿಟ್ಟಿತ್ತು. ಹೊರಡುವ ಮುಂಚೆ ಮಗುವಿನ ಮನೆಯವರಿಗೆ ಒಂದು ಉತ್ತರ ಕೊಟ್ಟು ಹೋಗಬೇಕು ಎಂಬ ಕಾಳಜಿ ಅವರಿಗೆ. ವಿಟಮಿನ್ ಬೆರೆಸಿ ಮಾರನೆಯ ದಿನವೇ ಎರಡು ಸಾಲಿನಿಂದಲೂ ಕೆಲವು ಬಾಟಲಿ ತೆಗೆದು ಅಳೆದರು. ಎರಡೂ ಒಂದೇ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಗಂಡಹೆಂಡಿರನ್ನು ಕರೆಸಿ ಸಮಾಧಾನದಿಂದ ಹೇಳಿದರಂತೆ. ಇಂಜೆಕ್ಷನ್ನಿಗೆ ಮಗುವಿನ ಜೀವಕೋಶ ಓಗೊಡುತ್ತಿಲ್ಲ, ನಾನು ಬರುವ ತನಕ ಹಾಕಿಸುತ್ತಿರಿ, ಬಂದ ಮೇಲೆ ನಿಲ್ಲಿಸೋಣ, ಮಗುವಿಗೆ ಸುಮ್ಮನೆ ನೋವು ಬೇಡ. ಆಮೇಲೆ ಏನು ಎಂದು ತಾಯಿ ಕೇಳಿದಳು. ಊಟದ ಕಟ್ಟುನಿಟ್ಟು ಇದ್ದೇ ಇದೆ, ಮೈ ಸ್ವಲ್ಪ ಬೆಚ್ಚಗಾದರೂ ಆಸ್ಪತ್ರೆಗೆ ಓಡಿಬನ್ನಿ ಎಂದರು. ಒಂದೊಂದು ಜ್ವರವೂ ಒಂದೊಂದು ಗಂಡಾಂತರ ಎಂಬುದನ್ನು ಆ ತಾಯಿ ಬಿಡಿಸಿ ಕೇಳಬೇಕಾಗಿರಲಿಲ್ಲ.

ಅಂದು ಸಂಜೆ ಡಾಕ್ಟರಮ್ಮ ಹೆಗಲಿಗೆ ಚೀಲ, ಕಿವಿಗೆ ಫೋನು ಹಿಡಿದು ಬಾಗಿಲು ದಾಟುತ್ತಿದ್ದರು. ಕಾವು ಪೆಟ್ಟಿಗೆಯಲ್ಲಿ ಮಿಕ್ಕ ಬಾಟಲಿಗಳಿದ್ದವು. ಸಾಕಮ್ಮ ಕೂತಲ್ಲಿಂದಲೇ ಕೂಗಿ ಕೇಳಿದಳು.

"ಮೇಡಂ, ಕಂಡಕ್ಟರ್ ಮಗಳ ಬಾಟ್ಲಿಗಳು?"

ಡಾಕ್ಟರಮ್ಮ ತಿರುಗಿ ನೋಡಿ "ಸಾಕು" ಎಂದು ಹೊರಟುಹೋದರು.

ಸಾಕಮ್ಮ ಅಂದು ಮನೆಗೆ ಬಂದದ್ದು ನೆಲ ಮುಟ್ಟದೆ. ನಮ್ಮ ಮಹಡಿಯ ಮೇಲಿರುವ ತನ್ನ ಮನೆಗೆ ಹೋಗುವ ಮೊದಲೇ ನಮ್ಮ ಅಡುಗೆಮನೆಗೆ ನುಗ್ಗಿದಳು. "ಅಕ್ಕಾ, ಭಾವ, ಇವತ್ತು ಡಾಕ್ಟರು ನನ್ನ ಏಕವಚನದಲ್ಲಿ ಮಾತಾಡಿಸಿದ್ರು. ಸಾಕಿ ಅನ್ಲಿಲ್ಲ, ಸಾಕು ಅಂದ್ರು. ಮನೆಯವಳಿಗೆ ಹೇಳೋ ಹಾಗೆ."

"ಅದಕ್ಕೆ ಇಷ್ಟೊಂದು ಹಿಗ್ಗಾ? ನಾನು ದಿನಾ ಏಕವಚನದಲ್ಲೇ ಬೈತೀನಲ್ಲ," ಎಂದಳು ನನ್ನ ಹೆಂಡತಿ.

ನಾವು ಮೂವರೂ ಮಾತು ಬಲ್ಲವರೇ. ಕಾಫಿ ಬಗ್ಗಿಸುವಾಗ ಆ ಹೊತ್ತಿನಲ್ಲೇ ಎರಡು ಸಲ ಸಾಕು ಸಾಕು ಎಂದು ನಾನೇ ಕೈ ಅಡ್ಡ ಹಿಡಿದಿದ್ದೆ. ಆದರೂ ಒಬ್ಬರಿಗೂ ಬೇರೆ ಅರ್ಥ ಹೊಳೆಯಲಿಲ್ಲ. ಹಿಗ್ಗಿನ ಮುಂದೆ ಕಿವಿ ಸ್ವಲ್ಪ ಮಂದವಾಗುತ್ತದೆ.

ಮಾರನೆಯ ಬೆಳಿಗ್ಗೆ ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಕೊಟ್ಟು ಏನೂ ಕೇಳದೆ ಮುಂದಿನ ಸೀಟಿಗೆ ಹೋದ. ಫಲಿತಾಂಶದ ಮಾತನ್ನು ಲ್ಯಾಬಿನವರು ಮನೆಯವರ ಹತ್ತಿರ ಆಡಬಾರದು ಎಂಬ ಕಟ್ಟು ಇದೆ. ಇಷ್ಟು ವರ್ಷ ಅದನ್ನು ಮೀರದ ಇವಳು, ಇದು ಫಲಿತಾಂಶ ಅಲ್ಲವಲ್ಲ, ಸಾಕುವ ವಿಷಯ ತಾನೇ ಎಂದು ತನಗೆ ತಾನೇ ನ್ಯಾಯ ಹೇಳಿಕೊಂಡು ಅವನನ್ನು ಹತ್ತಿರ ಕರೆದಳು.

"ಡಾಕ್ಟರು ಸಾಕು ಅಂದಿದ್ದಾರೆ."

ಅವನ ಮುಖ ಇನ್ನಷ್ಟು ಬಾಡಿತು. "ಗೊತ್ತಕ್ಕಾ. ನಮಗೂ ಹೇಳಿದ್ರು."

"ಆ ಸಾಕಲ್ಲಪ್ಪ, ಸಾಕೋ ಸಾಕು. ಮೇವು ಹಾಕ್ತಾ ಇರು ಅಂತ. ಕೈ ಬಿಟ್ಟಿದ್ರೆ ಹಾಗೆ ಹೇಳ್ತಿದ್ರಾ?"

ಅಂದು ಸಂಜೆಯಿಂದ ಮತ್ತೆ ಅದೇ ಪ್ರಶ್ನೆ, ಅಲ್ಲಿರೋ ಮಗಳು ಹೇಗಿದ್ದಾಳೆ. ಅವನ ಸಾಕನ್ನು ತಾನೇ ತಿದ್ದಿದವಳಿಗೆ ತನ್ನ ಸಾಕಿನ ಮೇಲೆ ಅನುಮಾನ ಬರಲಿಲ್ಲ ನೋಡಿ. ಹೀಗೆ ಡಾಕ್ಟರಮ್ಮ ಹಿಂದಿರುಗುವ ತನಕ ನಡೆಯಿತು. ನೀರು ಹಳದಿಯಾದಾಗಲೆಲ್ಲ ಅವಳು ಎರಡು ಸಾಲಿಗೂ ಮೇವು ಬದಲಿಸಿದಳು.

ಡಾಕ್ಟರಮ್ಮ ಬಂದವರೇ ಕಾವು ಪೆಟ್ಟಿಗೆ ತೆರೆದರು.

"ಸಾಕಮ್ಮನವರೇ, ಇವು ಯಾಕೆ ಇನ್ನೂ ಇವೆ?"

"ನೀವೇ ಸಾಕು ಅಂದ್ರಲ್ಲ ಮೇಡಂ."

"ಹೌದು, ಸಾಕು ಅಂದೆ. ಮುಗೀತು, ಬಿಸಾಕಿ ಅಂತ."

"ನಾನು ಸಾಕ್ಬೇಕು ಅಂದ್ಕೊಂಡೆ."

"ಹಾಗಿದ್ರೆ ಸಾಕಿ ಅಂತಿದ್ದೆ. ನಿಮ್ಮನ್ನ ಯಾವತ್ತಾದ್ರೂ ಏಕವಚನದಲ್ಲಿ ಮಾತಾಡಿಸಿದ್ದೀನಾ ನಾನು?"

"ಇಲ್ಲ ಮೇಡಂ. ಅದಕ್ಕೇ ತುಂಬ ಖುಷಿಯಾಗಿತ್ತು."

ಡಾಕ್ಟರಮ್ಮನಿಗೆ ನಗು ಬರುವ ಹಾಗಿತ್ತಂತೆ, ಆದರೆ ಬರಲಿಲ್ಲ. ಯಾಕೆಂದರೆ ಅಷ್ಟರಲ್ಲಿ ಇವಳ ಮುಖದ ಬಣ್ಣ ಇಳಿದಿತ್ತು. ಕಂಡಕ್ಟರನಿಗೆ ತಾನು ಏನು ಹೇಳಿದ್ದೇನೆ ಎಂಬುದು ಆಗ ಅವಳ ಎದೆಗೆ ಬಂದು ಬಡಿಯಿತು. ಮುಚ್ಚಿಡಲಿಲ್ಲ, ಅಲ್ಲೇ ಒಪ್ಪಿಸಿದಳು. ಡಾಕ್ಟರಮ್ಮ ಕೋಪಿಸಿಕೊಂಡರು. ಅವರಿಗೆ ಕೋಪ ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ. ಇಲ್ಲದ ಆಸೆ ಹುಟ್ಟಿಸುವುದು ಕೊಡಬಾರದ ಔಷಧಿ ಕೊಟ್ಟ ಹಾಗೆ, ನಾಳೆ ಇಂಜೆಕ್ಷನ್ ನಿಲ್ಲಿಸಲು ಬರುವ ಆ ತಂದೆಯ ಮುಖವನ್ನು ಯಾರು ನೋಡುವುದು ಎಂದರು. ಇವಳು ತಲೆ ತಗ್ಗಿಸಿ ಬಾಟಲಿಗಳನ್ನು ಎಸೆಯಲು ಎತ್ತಿಕೊಂಡಳು.

ಎತ್ತಿಕೊಂಡ ಬಾಟಲಿಯ ಮೇಲೆ ಡಾಕ್ಟರಮ್ಮ ಕೈ ಇಟ್ಟರು.

"ಇರಿ. ಯಾವ ಮೇವು ಹಾಕಿದ್ರಿ ಇಷ್ಟು ದಿನ?"

"ಯಾರದು ಅವರಿಗೆ ಮೇಡಂ. ಬರೀ ಸಾಲಿಗೆ ಬರೀದು, ವಿಟಮಿನ್ ಸಾಲಿಗೆ ವಿಟಮಿನ್."

"ಅಂದ್ರೆ ಇಷ್ಟು ದಿನವೂ ಇವು ವಿಟಮಿನ್‌ನಲ್ಲೇ ಇದ್ವು."

ಮೊದಲ ಸಲ ಅಳೆದಾಗ ಆ ಸಾಲಿಗೆ ವಿಟಮಿನ್ ಸಿಕ್ಕಿದ್ದು ಒಂದೇ ದಿನ. ಕೊಟ್ಟ ವಿಟಮಿನ್ನನ್ನು ಜೀವಕೋಶ ಹಾಗೇ ಬಳಸುವುದಿಲ್ಲ. ಒಳಗೆ ಎಳೆದುಕೊಂಡು, ತನಗೆ ಬೇಕಾದ ರೂಪಕ್ಕೆ ತಂದು, ಆಮೇಲೆ ಕತ್ತರಿಗೆ ಕೂರಿಸಬೇಕು. ಕುಂಟು ಜೀವಕೋಶಕ್ಕೆ ಅದಕ್ಕೆ ಹೊತ್ತು ಬೇಕೇನೋ ಎಂಬುದು ಡಾಕ್ಟರಮ್ಮನಿಗೆ ಅಲ್ಲೇ ನಿಂತು ಹೊಳೆಯಿತು. ಎಸೆಯುವ ಮುಂಚೆ ಇನ್ನೊಂದು ಸಲ ಅಳೆದುಬಿಡೋಣ, ಇಂಜೆಕ್ಷನ್ ಅಲ್ಲಿಯ ತನಕ ನಡೆಯಲಿ ಎಂದರು. ಆಸೆ ಇಟ್ಟುಕೊಳ್ಳಬೇಡಿ ಎಂದೂ ಸೇರಿಸಿದರು.

ಆ ದಿನಗಳಲ್ಲಿ ಸಾಕಮ್ಮ ಕಂಡಕ್ಟರನ ಬಸ್ಸು ಹತ್ತಲಿಲ್ಲ. ಬೆಳಿಗ್ಗೆ ಬೇಗ ಎದ್ದು ನಡೆದೇ ಹೋಗುತ್ತಿದ್ದಳು. ಸಂಜೆ ಬಂದು ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು, ನಾನು ಹೊಲಿದ ಬಟ್ಟೆಗೆ ಗುಂಡಿ ಹಾಕುತ್ತಿದ್ದಳು. ಅದೂ ಸೊಟ್ಟಕ್ಕೆ. ಅವಳು ಎದ್ದುಹೋದ ಮೇಲೆ ನಾನು ಎಲ್ಲವನ್ನೂ ಬಿಚ್ಚಿ ಮತ್ತೆ ಹಾಕುತ್ತಿದ್ದೆ. ಮಾತಿನ ಮಲ್ಲಿ ಬಾಯಿ ಮುಚ್ಚಿಕೊಂಡದ್ದನ್ನು ನೋಡಲಾಗದೆ ಅವಳ ಗಂಡನೇ ಬಾಯಿಯ ಮೊಳೆ ತೆಗೆದು, "ನೀನು ಕೆಟ್ಟದ್ದಕ್ಕೆ ಮಾಡ್ಲಿಲ್ಲವಲ್ಲ" ಎಂದನಂತೆ. ಆ ವರ್ಷ ಅವನು ಆಡಿದ ಅತಿ ಉದ್ದದ ಮಾತು ಅದು.

ಫಲಿತಾಂಶ ಬಂದ ದಿನ ಡಾಕ್ಟರಮ್ಮ ಅಳೆಯುವ ಕೋಣೆಯಿಂದ ಬರುವುದು ತಡವಾಯಿತು. ಕಣ್ಣನ್ನು ನಂಬದೆ ಮತ್ತೊಮ್ಮೆ ತಾವೇ ಕೂತು ಅಳೆದಿದ್ದರು. ಹೊರಗೆ ಬಂದು ಮುಖದ ಬಟ್ಟೆ ಕೆಳಗೆ ಎಳೆದರು.

"ಏರಿದೆ, ಸಾಕಮ್ಮನವರೇ. ಬರೀ ಸಾಲು ಇದ್ದ ಹಾಗೇ ಇದೆ. ವಿಟಮಿನ್ ಸಾಲು ಚೆನ್ನಾಗಿ ಏರಿದೆ. ಗಟ್ಟಿ ಮಕ್ಕಳಷ್ಟಲ್ಲ. ಆದ್ರೆ ಬದುಕೋಕೆ ಧಾರಾಳ."

ಸಾಕಮ್ಮ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಡಾಕ್ಟರಮ್ಮನೂ ಪಕ್ಕದಲ್ಲಿ ಕೂತರು. ಅವಸರ ನನ್ನದು, ಇನ್ನು ಮೇಲೆ ಯಾವ ಮಗುವಿನ ಬಾಟಲಿಯನ್ನೂ ವಿಟಮಿನ್‌ನಲ್ಲಿ ಸಾಕಷ್ಟು ದಿನ ಇಡದೆ ಅಳೆಯುವುದು ಬೇಡ ಎಂದರು. "ಸಾಕಷ್ಟು" ಎಂದು ಬಾಯಿಂದ ಬಂದದ್ದೇ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ತಡೆದಿಟ್ಟ ನಗುವೆಲ್ಲ ಆಗ ಒಡೆಯಿತು. ಕಸ ಗುಡಿಸುವವರು ಏನಾಯಿತೆಂದು ಓಡಿ ಬಂದರಂತೆ.

ಮನೆಯವರಿಗೆ ಫೋನು ಮಾಡಿ ಹೇಳಿದ್ದು ಡಾಕ್ಟರಮ್ಮನೇ. ಅದು ಅವರ ಕೆಲಸ. ಇವಳಿಗೆ, ಇವತ್ತು ನಡೆದು ಹೋಗಬೇಡಿ, ಬಸ್ಸಿನಲ್ಲೇ ಹೋಗಿ ಎಂದರು.

ಬಸ್ಸಿನಲ್ಲಿ ಕಂಡಕ್ಟರ್ ಇವಳನ್ನು ಕಂಡು ಹತ್ತಿರ ಬಂದ. ಟಿಕೆಟ್ ಹರಿದು ಕೊಡುತ್ತ ಹಳೆಯ ಪ್ರಶ್ನೆಯನ್ನೇ ಕೇಳಿದ. "ಅಲ್ಲಿರೋ ಮಗಳು ಹೇಗಿದ್ದಾಳಕ್ಕಾ?"

"ಇಲ್ಲಿರೋಳನ್ನ ನೋಡ್ಕೋ ಇನ್ನು," ಎಂದಳು ಇವಳು.

ಅವನು ಕಿಟಕಿಯ ಕಡೆ ತಿರುಗಿ ನಿಂತವನು ಸೀಟಿ ಊದುವುದನ್ನೇ ಮರೆತ. ಡ್ರೈವರ್ ನಿಲ್ಲಿಸದೆ ಹೊಡೆದುಕೊಂಡು ಹೋದ. ಒಂದು ಸ್ಟಾಪು ದಾಟಿತು, ಇನ್ನೊಂದು ದಾಟಿತು. ಇಳಿಯಬೇಕಾದವರೆಲ್ಲ ಬಾಯಿಗೆ ಬಂದ ಹಾಗೆ ಬೈದರು. ಅವನು ಎಲ್ಲರಿಗೂ ಕೈ ಮುಗಿದು ನಗುತ್ತಿದ್ದ. ಬೈಸಿಕೊಂಡು ಅಷ್ಟು ಸಂತೋಷಪಟ್ಟ ಮನುಷ್ಯನನ್ನು ತಾನು ಕಂಡಿಲ್ಲ ಎನ್ನುತ್ತಾಳೆ ಸಾಕಮ್ಮ.

ಆಮೇಲೆ ಲ್ಯಾಬಿನಲ್ಲಿ ಸಾಕು ಎಂಬ ಮಾತು ನಿಷೇಧವಾಗಿದೆ. ಎಸೆಯುವುದಾದರೆ "ಮುಗೀತು" ಎನ್ನಬೇಕು, ಇಡುವುದಾದರೆ "ಮೇವು ಹಾಕಿ" ಎನ್ನಬೇಕು. ಬಿಸಾಕಿ ಎನ್ನುವ ಹಾಗೂ ಇಲ್ಲ, ಅದರಲ್ಲೂ ಸಾಕಿ ಇದೆಯಲ್ಲ. ಟೀ ಬಗ್ಗಿಸುವಾಗ ಕೂಡ "ನಿಲ್ಸಿ ನಿಲ್ಸಿ" ಎನ್ನುತ್ತಾರಂತೆ. ಡಾಕ್ಟರಮ್ಮನ ನೀವು ಮಾತ್ರ ಅಲುಗಿಲ್ಲ. ನನ್ನ ನಾದಿನಿ ಆ ಆಸೆಯನ್ನು ಬಿಟ್ಟಿದ್ದಾಳೆ. ನೆಲದ ಮೇಲೆ ಪಕ್ಕದಲ್ಲಿ ಕೂತರಲ್ಲ, ಅಷ್ಟೇ ಲೆಕ್ಕಕ್ಕೆ ಹಿಡಿದಿದ್ದಾಳೆ.

ಮೊನ್ನೆ ಕಂಡಕ್ಟರನ ಹೆಂಡತಿ ಮಗಳನ್ನು ಕರೆದುಕೊಂಡು ಮತ್ತೆ ಬಂದಿದ್ದಳು. ಕೂಸು ಈಗ ಓಡಾಡುತ್ತದೆ. ಇಂಜೆಕ್ಷನ್ ನಡೆಯುತ್ತಲೇ ಇದೆ, ಊಟದ ಮೇಲೆ ಒಂದು ಕಣ್ಣೂ ಇದೆ, ಆದರೆ ಜ್ವರ ಬಂದರೆ ಮನೆಯೆಲ್ಲ ನಡುಗುವ ದಿನಗಳು ಹೋದವು. ನನ್ನ ಅಂಗಡಿಯ ಕಟ್ಟೆಯ ಮೇಲೆ ಕೂರಿಸಿ ತಾಯಿ ತುತ್ತು ಕೊಡುತ್ತಿದ್ದಳು. ಬಟ್ಟಲಿನಲ್ಲಿ ಇನ್ನೂ ಇತ್ತು. ಕೂಸು ಚಮಚವನ್ನು ತಳ್ಳಿ, "ಚಾಕು" ಎಂದಿತು.

ನಾನು ಮೇಜಿನ ಮೇಲಿದ್ದ ಕತ್ತರಿ, ಬ್ಲೇಡು ಎಲ್ಲ ಸರಸರ ಎತ್ತಿಟ್ಟೆ. ಸ್ಟೂಲಿನ ಮೇಲಿದ್ದ ಸಾಕಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಸಾಕು ಅಂತಿದೆ ಭಾವ ಅದು. ಹೊಟ್ಟೆ ತುಂಬಿದೆ." ಮಗುವಿನ ಕೆನ್ನೆ ಹಿಡಿದು, "ಲ್ಯಾಬಿಗೆ ಬಂದಾಗ ಮಾತ್ರ ಆ ಮಾತು ಆಡಬೇಡ ಕಣೇ," ಎಂದಳು.

ನಾನು ಟೇಪು ಹಿಡಿದು ಅಳತೆ ತೆಗೆದೆ. ಈ ಸಲ ನಾನು ಕೇಳುವ ಮೊದಲೇ ಆ ತಾಯಿ ಹೇಳಿದಳು.

"ಅಣ್ಣ, ಒಳಗೆ ಬಟ್ಟೆ ಬಿಡಿ. ಸ್ವಲ್ಪ ಜಾಸ್ತೀನೇ ಬಿಡಿ."

ನಾಲ್ಕು ಬೆರಳು ಬಿಟ್ಟು ಮಡಿಸಿದೆ.